ಆಟದ ಬೀಗ: ಕದ್ದವನ ತಪ್ಪು, ಮಾರಿದವನ ಮೋಸ

ಕಳೆದ ಈದುಲ್ ಫಿತ್ರ್‌ನ ಮರುವಾರ ನಮ್ಮ ಚಿಕ್ಕೇರೂರಿನ ಮನೆಯೊಂದರಲ್ಲಿ ಎದ್ದ ಪ್ರಶ್ನೆಯಿಂದ ಈ ಬರಹವನ್ನು ಆರಂಭಿಸುತ್ತೇವೆ. ಹತ್ತನೆಯ ತರಗತಿಯ ಹುಡುಗನೊಬ್ಬ ಎರಡು ವರ್ಷಗಳ ಈದಿಯ ಹಣವನ್ನು ಕೂಡಿಟ್ಟು, ತಂದೆಯೊಡನೆ ಹುಬ್ಬಳ್ಳಿಗೆ ಹೋಗಿ, ಕಂಪ್ಯೂಟರ್ ಆಟವೊಂದರ ಡಬ್ಬಿಯನ್ನು ರಸೀದಿ ಸಹಿತ ಕೊಂಡು ತಂದಿದ್ದ. ಮನೆಯಲ್ಲಿ ತೆರೆದು ನೋಡಿದರೆ ಡಿಸ್ಕಿನಲ್ಲಿದ್ದದ್ದು ಆಟದ ಒಂದು ಭಾಗ ಮಾತ್ರ. ಉಳಿದುದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಕಂಪನಿಯಲ್ಲಿ ಖಾತೆ ತೆರೆಯಬೇಕು, ಸಂಕೇತಸಂಖ್ಯೆ ಕೊಡಬೇಕು, ಆಡುವ ಪ್ರತಿ ಸಲವೂ ಕಂಪನಿಯ ಸರ್ವರ್‌ನೊಡನೆ ಸಂಪರ್ಕದಲ್ಲಿರಬೇಕು. ತಂದೆಯ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಮೂರು ದಿನ ಕುಳಿತರೂ ಆಟ ತೆರೆಯಲಿಲ್ಲ. ಅದೇ ಓಣಿಯ ಅವನ ಗೆಳೆಯನಾದರೋ ಅಂಗಡಿಯೊಂದರಲ್ಲಿ ಐವತ್ತು ರೂಪಾಯಿ ಕೊಟ್ಟು, ಅದೇ ಆಟದ ಬೀಗ ಮುರಿದ ಪ್ರತಿಯನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದು ಅಂದೇ ಸಂಜೆ ಆಡತೊಡಗಿದ. ಆಗ ಹುಡುಗ ತಂದೆಯನ್ನು ಕೇಳಿದ: "ಅಬ್ಬಾ, ಹಲಾಲಾಗಿ ಕೊಂಡವನು ನಾನು, ಆಡುತ್ತಿರುವವನು ಅವನು. ಹಾಗಾದರೆ ನಾನು ಮಾಡಿದ್ದು ದಡ್ಡತನವೇ?"

ತಂದೆಯ ಬಳಿ ಉತ್ತರವಿರಲಿಲ್ಲ. ಅಸರ್ ನಮಾಝಿನ ನಂತರ ಮಸೀದಿಯ ಕಟ್ಟೆಯ ಮೇಲೆ ಆ ಪ್ರಶ್ನೆ ನಮ್ಮ ಮುಂದೆ ಬಂತು. ಬಂದ ಕೂಡಲೇ ಎರಡು ಸಿದ್ಧ ಉತ್ತರಗಳೂ ಬಂದವು. ಒಬ್ಬರೆಂದರು: "ಆಟವೇ ವ್ಯರ್ಥ ಕಾಲಹರಣ, ಅದರಲ್ಲಿ ಹಲಾಲೇನು ಹರಾಮೇನು? ಕಂಪ್ಯೂಟರ್ ಮುಚ್ಚಿಡಿ." ಇನ್ನೊಬ್ಬರೆಂದರು: "ಅದು ಪರದೇಶದ ಶ್ರೀಮಂತ ಕಂಪನಿ, ನಮ್ಮವರದ್ದಲ್ಲ. ಅದರ ಬೀಗ ಮುರಿದರೆ ಪಾಪವೇನಿಲ್ಲ." ಈ ಎರಡೂ ಉತ್ತರಗಳು ದೀನಿನ ಮಾತಿನಂತೆ ಕೇಳಿಸುತ್ತವೆ. ಎರಡೂ ದೀನಿನಿಂದ ತಪ್ಪಿಸಿಕೊಳ್ಳುವ ದಾರಿಗಳೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಮೊದಲನೆಯ ಉತ್ತರವನ್ನು ನೋಡೋಣ. ಮಕ್ಕಳ ಆಟ ಎಷ್ಟಿರಬೇಕು, ಯಾವ ಆಟದಲ್ಲಿ ಅಶ್ಲೀಲತೆಯಿದೆ, ಯಾವುದು ನಮಾಝನ್ನು ಮರೆಸುತ್ತದೆ ಎಂಬುದು ಗಂಭೀರ ವಿಷಯ; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಸ್ತು ಕ್ಷುಲ್ಲಕವೆಂಬ ಕಾರಣಕ್ಕೆ ಅದರ ಕಳವು ಕ್ಷುಲ್ಲಕವಾಗುವುದಿಲ್ಲ. ಜಾತ್ರೆಯಲ್ಲಿ ಬುಗುರಿ ಕದ್ದ ಮಗನಿಗೆ "ಬುಗುರಿ ತಾನೇ" ಎನ್ನುವ ತಾಯಿ ನಮ್ಮಲ್ಲಿಲ್ಲ. ಮೇಲಾಗಿ ಈ ಬೀಗ ಆಟಕ್ಕಷ್ಟೇ ಸೀಮಿತವಲ್ಲ. ಲಗ್ನಪತ್ರಿಕೆ ಮುದ್ರಿಸುವ ನಮ್ಮ ಡಿಟಿಪಿ ಅಂಗಡಿಗಳ ತಂತ್ರಾಂಶಕ್ಕೂ, ಮಕ್ಕಳು ಓದುವ ಇ-ಪುಸ್ತಕಕ್ಕೂ, ನಾವು ಕೇಳುವ ಧ್ವನಿಮುದ್ರಣಕ್ಕೂ ಇಂಥದೇ ಬೀಗವಿದೆ. ಆಟದಲ್ಲಿ ಕಲಿತ ಅಭ್ಯಾಸವನ್ನೇ ಮಗ ನಾಳೆ ಎಲ್ಲದರಲ್ಲೂ ಪಾಲಿಸುತ್ತಾನೆ.

ಎರಡನೆಯ ಉತ್ತರ ಇನ್ನೂ ಅಪಾಯಕಾರಿ. ಹಿಜ್ರತ್‌ನ ರಾತ್ರಿಯನ್ನು ನೆನಪಿಸಿಕೊಳ್ಳೋಣ. ಪ್ರವಾದಿ ಮುಹಮ್ಮದ್(ಸ)ರನ್ನು ಕೊಲ್ಲಲು ಮಕ್ಕಾದ ಮುಖಂಡರು ಸಂಚು ಹೂಡಿದ್ದರು. ಅದೇ ಮಕ್ಕಾದ ಜನರು ತಮ್ಮ ಬೆಲೆಬಾಳುವ ವಸ್ತುಗಳನ್ನು ಅಮಾನತ್ತಾಗಿ ಇಟ್ಟಿದ್ದುದು ಪ್ರವಾದಿ(ಸ)ರ ಬಳಿಯಲ್ಲೇ. ಆ ವಸ್ತುಗಳನ್ನು ಅವುಗಳ ಒಡೆಯರಿಗೆ ಮರಳಿಸಲೆಂದು ಅವರು ಅಲೀ(ರ)ರನ್ನು ಮಕ್ಕಾದಲ್ಲಿ ಬಿಟ್ಟು ಹೊರಟರು. ಪ್ರಾಣಕ್ಕೆ ಹೊಂಚು ಹಾಕಿದವರ ಊರಿನ ಸೊತ್ತನ್ನೂ ಅಮಾನತ್ತೆಂದೇ ಕಂಡ ಪ್ರವಾದಿಯ ಸಮುದಾಯ ನಾವು. ನಮ್ಮ ಬಾಯಲ್ಲಿ "ಅವರದ್ದು ತಾನೇ" ಎಂಬ ಮಾತು ಹೇಗೆ ಬಂತು? ಒಂದು ಕಂಪನಿಯ ನಡೆ ನಮಗೆ ಒಪ್ಪಿಗೆಯಿಲ್ಲವಾದರೆ ಅದರ ಸರಕನ್ನು ಕೊಳ್ಳದಿರೋಣ, ಬಹಿಷ್ಕಾರವೆಂದರೆ ಅದು. ಕೊಳ್ಳದೆ ಬಳಸುವುದು ಬಹಿಷ್ಕಾರವಲ್ಲ, ಪುಕ್ಕಟೆ ಭೋಗ.

"ಪರದೇಶದ ಕಂಪನಿ" ಎಂಬ ಮಾತೂ ಅರ್ಧ ಸತ್ಯ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಆರಂಭಿಸಿದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯು ದೊಡ್ಡ ದೊಡ್ಡ ಹೊರದೇಶಗಳ ಆಟಗಳಿಗೆ ಚಿತ್ರ, ಪಾತ್ರ, ರಸ್ತೆ, ಕಟ್ಟಡಗಳನ್ನು ರೂಪಿಸಿಕೊಡುತ್ತ ಬಂದಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡು ಬೆಂಗಳೂರಿನ ತನ್ನ ಶಾಖೆಯೊಡನೆ ಸೇರಿಸಿಕೊಂಡಿತು. ನಮ್ಮ ಹುಡುಗರು ಬೀಗ ಮುರಿದು ಆಡುವ ಆಟಗಳಲ್ಲಿ ಕನ್ನಡ ನಾಡಿನ ಕುಶಲಕರ್ಮಿಗಳ ಕೈಕೆಲಸವೂ ಇರುತ್ತದೆ. ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕಲಿತವರಿಗೆ ಇದು ತಿಳಿಯದ ಮಾತೇ?

ಇನ್ನೊಂದು ವಾದವೂ ಇದೆ, ಅದು ಸ್ವಲ್ಪ ಓದಿದವರ ವಾದ: "ನಕಲು ಮಾಡಿದರೆ ಮೂಲ ಅಲ್ಲಿಯೇ ಉಳಿಯುತ್ತದೆ, ಹಾಗಿರುವಾಗ ಕಳವು ಹೇಗೆ?" ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಜ್ಞಾನವನ್ನು ಕಟ್ಟಿಹಾಕಬಾರದೆಂಬ ನೆಲೆಯಿಂದ ಕೃತಿಸ್ವಾಮ್ಯವನ್ನು ಒಪ್ಪದ ಉಲಮಾ ನಮ್ಮ ಉಪಖಂಡದಲ್ಲಿಯೇ ಇದ್ದರು. ಆದರೆ 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಖ್ಹ್ ಅಕಾಡೆಮಿಯು ಗ್ರಂಥಕರ್ತನ, ಸಂಶೋಧಕನ ಹಾಗೂ ವ್ಯಾಪಾರನಾಮದ ಹಕ್ಕುಗಳಿಗೆ ಇಂದಿನ ರೂಢಿಯಲ್ಲಿ ಆರ್ಥಿಕ ಮೌಲ್ಯವಿದೆಯೆಂದೂ, ಶರೀಅತ್ತಿನಲ್ಲಿ ಅವು ರಕ್ಷಣೆಗೆ ಅರ್ಹವೆಂದೂ, ಅವುಗಳನ್ನು ಅತಿಕ್ರಮಿಸುವುದು ಸಲ್ಲದೆಂದೂ ತೀರ್ಮಾನಿಸಿತು. ಒಪ್ಪದ ಉಲಮಾಗಳ ಕಣ್ಣ ಮುಂದಿದ್ದದ್ದು ಜ್ಞಾನದ ಪ್ರಸಾರ. ಪೆನ್‌ಡ್ರೈವಿಗೆ ಐವತ್ತರಂತೆ ಪರರ ದುಡಿಮೆಯನ್ನು ಮಾರುವ ಅಂಗಡಿಗೆ ಅವರ ಮಾತನ್ನು ಗುರಾಣಿಯಾಗಿ ಹಿಡಿಯುವುದು ಅವರಿಗೆ ಮಾಡುವ ಅಪಚಾರ.

ನಮ್ಮ ಅಂಗಡಿಯ ಸಹೋದರರು ದೇಶದ ಕಾನೂನನ್ನೂ ಅರಿತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ನಕಲಿಯೆಂದು ತಿಳಿದೂ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಬಳಸಿದವನಿಗೆ 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಲಾಭದ ಉದ್ದೇಶವಿಲ್ಲದಿದ್ದರೆ ಸೆರೆವಾಸವನ್ನು ಕೈಬಿಟ್ಟು 50 ಸಾವಿರದೊಳಗಿನ ದಂಡಕ್ಕೆ ಇಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಕರ್ನಾಟಕವಂತೂ 2014ರಲ್ಲಿ ತನ್ನ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು, ವ್ಯಾಪಾರದ ಉದ್ದೇಶದಿಂದ ಕೃತಿಸ್ವಾಮ್ಯ ಮುರಿಯುವವರನ್ನು ಮುನ್ನೆಚ್ಚರಿಕೆಯ ಬಂಧನಕ್ಕೆ ಒಳಪಡುವವರ ಪಟ್ಟಿಗೆ ಸೇರಿಸಿತು. ನಕಲಿ ತುಂಬುವ ಅಂಗಡಿಯವನನ್ನು ಗೂಂಡಾಗಳ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವೆಂದು ನಾವು ಒಪ್ಪುವುದಿಲ್ಲ. ಆದರೂ ಮನೆಯ ಏಕೈಕ ದುಡಿಮೆಗಾರ ಐವತ್ತು ರೂಪಾಯಿಗಾಗಿ ಈ ಗಂಡಾಂತರಕ್ಕೆ ತಲೆಯೊಡ್ಡುವುದು ವಿವೇಕವೇ?

ಇಷ್ಟು ಹೇಳಿ ನಿಲ್ಲಿಸಿದರೆ ಈ ಬರಹ ಸುಲಭವಾಗುತ್ತಿತ್ತು. ಕದಿಯಬೇಡಿ ಎಂದು ಬಡವರ ಮಕ್ಕಳಿಗೆ ಉಪದೇಶಿಸುವುದು ಎಂದೂ ಸುಲಭ. ಆದರೆ ಆ ಹುಡುಗ ಕದ್ದಿರಲಿಲ್ಲ. ಅವನು ಹಣ ಕೊಟ್ಟಿದ್ದ. ಅವನ ಪ್ರಶ್ನೆ ಕಳ್ಳನ ಕುರಿತದ್ದಲ್ಲ, ಮಾರಿದವನ ಕುರಿತದ್ದು.

ಈ ಬೀಗದ ಚರಿತ್ರೆಯನ್ನು ಸ್ವಲ್ಪ ತಿಳಿಯೋಣ. ಫ್ಲಾಪಿಯ ಕಾಲದಲ್ಲಿ ಆಟ ಆರಂಭವಾಗುವಾಗ "ಕೈಪಿಡಿಯ ಇಂತಿಷ್ಟನೆಯ ಪುಟದ ಇಂಥ ಪದವನ್ನು ಬರೆ" ಎಂದು ಕೇಳುತ್ತಿತ್ತು. ಪುಸ್ತಕವಿದ್ದವನು ಬರೆದು ಮುಂದೆ ಹೋಗುತ್ತಿದ್ದ. ಡಿಟಿಪಿಯವರು ಬಲ್ಲ, ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಕೂಡ ಅದೇ ಬಗೆಯದು: ಯಾರ ಕೈಯಲ್ಲಿ ಅದಿದೆಯೋ ಅವನೇ ಒಡೆಯ. ಅಂಥ ಬೀಗದ ಕೀಲಿಕೈ ಕೊಂಡವನ ಕೈಯಲ್ಲಿತ್ತು. ಅದರ ಬಗ್ಗೆ ನಮ್ಮ ತಕರಾರಿಲ್ಲ. ಮುಂದೆ ಕೀಲಿಕೈ ಕಂಪನಿಯ ಕೈಗೆ ಹೋಯಿತು. 2008ರಲ್ಲಿ ಬಂದ 'ಸ್ಪೋರ್' ಎಂಬ ಆಟವನ್ನು ಕೊಂಡವರು ಮೊದಲಿಗೆ ಮೂರೇ ಸಲ ಸಕ್ರಿಯಗೊಳಿಸಬಹುದಿತ್ತು. ಜನರು ಸಿಡಿದೆದ್ದ ಮೇಲೆ ಮಿತಿಯನ್ನು ಐದಕ್ಕೆ ಏರಿಸಿದರು. ಕಳ್ಳಪ್ರತಿಯನ್ನು ತಡೆಯಲೆಂದೇ ಹಾಕಿದ ಆ ಬೀಗ ಏನನ್ನು ತಡೆಯಿತು? ಆ ವರ್ಷ ಅತಿ ಹೆಚ್ಚು ಅಕ್ರಮವಾಗಿ ಇಳಿಸಿಕೊಳ್ಳಲಾದ ಆಟವೆಂದು ಹೆಸರಾದದ್ದು ಅದೇ. 2010ರಲ್ಲಿ ಯೂಬಿಸಾಫ್ಟ್ ಕಂಪನಿಯು ಒಬ್ಬನೇ ಕುಳಿತು ಆಡುವ ಆಟಕ್ಕೂ ನಿರಂತರ ಇಂಟರ್ನೆಟ್ ಸಂಪರ್ಕವನ್ನು ಕಡ್ಡಾಯಗೊಳಿಸಿತು. ಮಾರ್ಚ್ ತಿಂಗಳಲ್ಲಿ ಅದರ ಸರ್ವರ್‌ಗಳ ಮೇಲೆ ದಾಳಿ ನಡೆದಾಗ ಹಣ ಕೊಟ್ಟವರು ಬಾಗಿಲ ಹೊರಗೆ ನಿಂತರು. ಅದೇ ಕಂಪನಿಯು 2014ರಲ್ಲಿ ಮಾರಿದ 'ದಿ ಕ್ರೂ' ಎಂಬ ಕಾರೋಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿತು. ಡಿಸ್ಕ್ ಕೈಯಲ್ಲಿದ್ದವರಿಗೂ ಅಂದಿನಿಂದ ಆಟವಿಲ್ಲ.

ನಮ್ಮ ಮಕ್ಕಳಿಗೆ ಇದರ ರುಚಿ ಬೇರೊಂದು ರೀತಿಯಲ್ಲಿ ತಿಳಿದಿದೆ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ಅನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರ್ ನಿಂತಿತು. ಆಟದೊಳಗೆ ಉಡುಪು, ಆಯುಧಗಳೆಂದು ಹಣ ಸುರಿದವರ ಕೈ ಒಂದೇ ದಿನದಲ್ಲಿ ಬರಿದಾಯಿತು. ಮರುವರ್ಷ ಹೊಸ ಹೆಸರಿನಲ್ಲಿ ಆಟ ಮರಳಿ ಬಂದಾಗ ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳುವ ಅವಕಾಶ ಸಿಕ್ಕಿತು, ನಿಜ. ಆದರೆ ಅದು ಕಂಪನಿ ಕೊಟ್ಟ ಅವಕಾಶ. ನಮ್ಮ ಹಕ್ಕಿನಿಂದ ಬಂದದ್ದಲ್ಲ.

ಡಬ್ಬಿಯ ಮೇಲೆ "ಕೊಳ್ಳಿರಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಯಾರೂ ಓದದ ಒಪ್ಪಂದಪತ್ರದ ಯಾವುದೋ ಮೂಲೆಯಲ್ಲಿ "ಇದು ಮಾರಾಟವಲ್ಲ, ಬಳಕೆಯ ಪರವಾನಗಿ ಮಾತ್ರ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು" ಎಂದು ಬರೆಯುವುದಕ್ಕೆ ಇಸ್ಲಾಮಿನಲ್ಲಿ ಏನೆಂದು ಹೆಸರು? ಸಹೀಹ್ ಮುಸ್ಲಿಮಿನಲ್ಲಿ ಬಂದಿರುವ ಘಟನೆ ನಮಗೆಲ್ಲ ಗೊತ್ತಿದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ರು ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲ ಎಂದರು. ಗಮನಿಸಿ, ನೆನೆದ ಧಾನ್ಯವನ್ನು ಮಾರಬಾರದೆಂದು ಅವರು ಹೇಳಲಿಲ್ಲ. ಬಚ್ಚಿಟ್ಟು ಮಾರುವುದನ್ನು ನಿಷೇಧಿಸಿದರು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚುವ ನಮ್ಮ ರೈತರಿಗೆ ಈ ಹದೀಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟದ ಕಂಪನಿ ಬಾಡಿಗೆಗೆ ಕೊಡಲಿ, ಹತ್ತು ವರ್ಷಕ್ಕೆಂದು ಕೊಡಲಿ. ಆದರೆ ತೇವವನ್ನು ರಾಶಿಯ ಮೇಲಿಡಲಿ.

ಬರೀರಾ(ರ)ರ ಘಟನೆಯನ್ನೂ ನೆನೆಯೋಣ. ದಾಸ್ಯದಲ್ಲಿದ್ದ ಅವರನ್ನು ಕೊಂಡು ಬಿಡುಗಡೆ ಮಾಡಲು ಆಯಿಶಾ(ರ) ಮುಂದಾದಾಗ, ಮಾರುವವರು ಹಣವನ್ನೂ ಪಡೆದು ಹಕ್ಕಿನ ಒಂದು ಎಳೆಯನ್ನು ತಮ್ಮ ಬಳಿಯೇ ಉಳಿಸಿಕೊಳ್ಳುವ ಷರತ್ತು ಹಾಕಿದರು. ಅಲ್ಲಾಹನ ಗ್ರಂಥಕ್ಕೆ ಹೊಂದದ ಷರತ್ತುಗಳು ನೂರಿದ್ದರೂ ಅಸಿಂಧುವೆಂದು ಪ್ರವಾದಿ(ಸ)ರು ಜನರನ್ನುದ್ದೇಶಿಸಿ ಸಾರಿದರು. ಆ ವಿಷಯ ಬೇರೆ, ಈ ವಿಷಯ ಬೇರೆ. ಎರಡನ್ನೂ ಸಮೀಕರಿಸಿ ಫತ್ವಾ ಹೊರಡಿಸಲು ನಾವು ಮುಫ್ತಿಗಳಲ್ಲ. ಆದರೆ ಕರಾರು ಎಂದು ಬರೆದುದೆಲ್ಲವೂ ಬರೆದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ ಎಂಬ ಪಾಠ ಅದರಲ್ಲಿದೆ. ಕರಾರನ್ನು ಪಾಲಿಸಿರೆಂಬ ಕುರ್‌ಆನಿನ ಆದೇಶವನ್ನು ಕೊಳ್ಳುವವನಿಗೆ ಮಾತ್ರ ಓದಿ ಹೇಳುವ ನಮ್ಮ ಪ್ರವಚನಕಾರರು, ಅಳತೆಯಲ್ಲಿ ಕಡಿಮೆ ಮಾಡುವವರನ್ನು ಎಚ್ಚರಿಸುವ ಸೂರಃ ಅಲ್ ಮುತಫ್ಫಿಫೀನನ್ನು ಮಾರುವವನಿಗೂ ಓದಿ ಹೇಳಬೇಕು.

ಕೆಲವರು ಹೇಳುವರು: "ಬೀಗವಿಲ್ಲದಿದ್ದರೆ ಎಲ್ಲರೂ ಕದಿಯುತ್ತಾರೆ, ಕಂಪನಿ ಬದುಕುವುದು ಹೇಗೆ?" ಇದಕ್ಕೆ ಉತ್ತರ ಪೋಲೆಂಡಿನಲ್ಲಿದೆ. ಅಲ್ಲಿಯ ಸಿಡಿ ಪ್ರೊಜೆಕ್ಟ್ ಎಂಬ ಕಂಪನಿಯು 2008ರಲ್ಲಿ ಆರಂಭಿಸಿದ ಜಿಒಜಿ ಮಳಿಗೆ ಆಟಗಳನ್ನು ಬೀಗವಿಲ್ಲದೆ ಮಾರುತ್ತದೆ. ಕೊಂಡವನು ಇಳಿಸಿಕೊಂಡು, ಪ್ರತಿ ತೆಗೆದಿಟ್ಟುಕೊಂಡು, ಇಂಟರ್ನೆಟ್ ಇಲ್ಲದೆಯೂ ಆಡಬಹುದು. 2015ರಲ್ಲಿ ಬಂದು ಲೋಕಪ್ರಸಿದ್ಧವಾದ ತನ್ನದೇ 'ದಿ ವಿಚರ್ 3' ಆಟವನ್ನೂ ಆ ಕಂಪನಿ ಅಲ್ಲಿ ಹಾಗೆಯೇ ಮಾರಿತು. ಕಂಪನಿ ಮುಳುಗಲಿಲ್ಲ, ಬೆಳೆಯಿತು. ಬೀಗವು ಪಳಗಿದ ಕಳ್ಳನನ್ನು ಕೆಲವು ದಿನ ತಡೆದೀತು. ಹಣ ಕೊಟ್ಟವನನ್ನು ಮಾತ್ರ ಕೊನೆಯವರೆಗೂ ಕಾಡುತ್ತದೆ.

ನಮ್ಮ ಸೀಮೆಯ ಓದುಗರಿಗೆ ಇದನ್ನು ಬೀಜದ ಮಾತಿನಲ್ಲಿ ಹೇಳಿದರೆ ಇನ್ನೂ ಚೆನ್ನಾಗಿ ತಿಳಿದೀತು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಬಿತ್ತನೆಯ ಕಾಲದಲ್ಲಿ ಬೀಜದಂಗಡಿಯ ಮುಂದೆ ಸಾಲು ನಿಂತವರು ನಾವು. 1998ರಲ್ಲಿ ಅಮೆರಿಕದಲ್ಲಿ 'ಟರ್ಮಿನೇಟರ್' ತಂತ್ರಕ್ಕೆ ಪೇಟೆಂಟ್ ದೊರೆಯಿತು: ಬೆಳೆ ಬರುತ್ತದೆ, ಆದರೆ ಅದರ ಕಾಳು ಮತ್ತೆ ಮೊಳೆಯುವುದಿಲ್ಲ. ರೈತ ಬೀಜ ಉಳಿಸಿಕೊಳ್ಳದಂತೆ ಬೀಜದೊಳಗೇ ಹಾಕುವ ಬೀಗವದು. ಅದೇ ವರ್ಷ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರಾಯಚೂರು ಸೀಮೆಯ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಹಚ್ಚಿ ಪ್ರತಿಭಟಿಸಿತು. ಆ ಹತ್ತಿಯಲ್ಲಿ ಟರ್ಮಿನೇಟರ್ ಇರಲಿಲ್ಲ, ಪರರ ಹೊಲ ಸುಡುವುದನ್ನು ನಾವು ಸಮರ್ಥಿಸುವುದೂ ಇಲ್ಲ. ಆದರೆ ಬೀಜ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ದೇಶಕ್ಕೆಲ್ಲ ಕೇಳಿಸಿತು. 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಎರಡೂ ಕಡೆಗೆ ನ್ಯಾಯ ಕೊಡಲೆತ್ನಿಸಿತು. ತಳಿ ರೂಪಿಸಿದವನಿಗೆ ಹಕ್ಕು ಕೊಟ್ಟಿತು. ರೈತನಿಗೆ ಬೀಜ ಉಳಿಸುವ, ಮರುಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕನ್ನೂ ಕೊಟ್ಟಿತು. ನೋಂದಣಿ ಕೋರುವವನು ತನ್ನ ತಳಿಯಲ್ಲಿ ಟರ್ಮಿನೇಟರ್ ತಂತ್ರವಿಲ್ಲವೆಂದು ಪ್ರಮಾಣಪತ್ರ ಸಲ್ಲಿಸಬೇಕೆಂದೂ ವಿಧಿಸಿತು. ಬೀಜದ ವಿಷಯದಲ್ಲಿ ಸಾಧ್ಯವಾದ ಈ ತೂಕ ತಂತ್ರಾಂಶದ ವಿಷಯದಲ್ಲಿ ಏಕೆ ಸಾಧ್ಯವಿಲ್ಲ?

ಕಾನೂನಿನಲ್ಲಿ ಅದರ ಅಂಕುರ ಆಗಲೇ ಇದೆ. ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ತಂತ್ರಾಂಶವನ್ನು ನ್ಯಾಯವಾಗಿ ಹೊಂದಿದವನು ಅದು ಕಳೆದುಹೋಗದಂತೆ, ಕೆಡದಂತೆ ಕಾಪಾಡಿಕೊಳ್ಳಲು ಪ್ರತಿ ಮಾಡಿಟ್ಟುಕೊಳ್ಳಬಹುದೆಂದು ಹೇಳುತ್ತದೆ. 2012ರ ತಿದ್ದುಪಡಿಯಿಂದ ಬಂದ 65ಎ ಕಲಮು ಬೀಗ ಮುರಿಯುವುದಕ್ಕೆ 2 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ, ಆದರೆ ಹಕ್ಕನ್ನು ಅತಿಕ್ರಮಿಸುವ ಉದ್ದೇಶದಿಂದ ಮುರಿದವನಿಗೆ ಮಾತ್ರ. ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆಯೆಂದು ನಂಬುವ ನಮಗೆ ಈ ವ್ಯತ್ಯಾಸ ಚಿರಪರಿಚಿತ. ಪ್ರತಿ ಇಟ್ಟುಕೊಳ್ಳುವ ಹಕ್ಕನ್ನು ಕಾನೂನು ಕೊಟ್ಟಿದೆ, ಅದನ್ನು ಬಳಸದಂತೆ ಬೀಗ ತಡೆಯುತ್ತದೆ. ಶಾಸನ ಕೊಟ್ಟುದನ್ನು ವ್ಯಾಪಾರಿ ಕಸಿದುಕೊಳ್ಳುವುದೆಂದರೆ ಇದೇ.

ಹೊರದೇಶಗಳ ಗಿರಾಕಿಗಳು ಈ ಬಗ್ಗೆ ಸುಮ್ಮನೆ ಕುಳಿತಿಲ್ಲ. 'ದಿ ಕ್ರೂ' ಮುಚ್ಚಿದ ನಂತರ ರಾಸ್ ಸ್ಕಾಟ್ ಎಂಬವರು ಆರಂಭಿಸಿದ ಚಳವಳಿಯು, ಮಾರಿದ ಆಟವನ್ನು ಕೊಲ್ಲಬಾರದೆಂಬ ಬೇಡಿಕೆಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಸಂಗ್ರಹಿಸಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಪರವಾನಗಿಯನ್ನಷ್ಟೇ ಕೊಡುವವನು ಅದನ್ನು ಸ್ಪಷ್ಟವಾಗಿ ತಿಳಿಸದೆ "ಕೊಳ್ಳಿರಿ" ಎಂಬ ಪದವನ್ನು ಬಳಸುವಂತಿಲ್ಲ. ತೇವವನ್ನು ರಾಶಿಯ ಮೇಲಿಡು ಎಂದು ಹದಿನಾಲ್ಕು ಶತಮಾನಗಳ ಹಿಂದೆ ಕಲಿತವರು ನಾವು. ಆ ಬೇಡಿಕೆಯನ್ನು ಇಂದು ಮುಂದಿಟ್ಟವರು ಬೇರೆಯವರು. ನಾವು ಪೆನ್‌ಡ್ರೈವ್ ಹಿಡಿದು ಅಂಗಡಿಯ ಮುಂದೆ ನಿಂತಿದ್ದೇವೆ. ಇದು ನಾಚಿಕೆಯ ಸಂಗತಿಯಲ್ಲವೇ?

ಹಾಗಾದರೆ ಏನು ಮಾಡಬೇಕು? ತಂದೆ ತಾಯಂದಿರೇ, ಮಗ ಆಟ ಕೇಳಿದಾಗ ಬೆಲೆಯ ಜೊತೆಗೆ ಬೀಗವನ್ನೂ ವಿಚಾರಿಸಿರಿ: ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ, ಕಂಪನಿ ಮುಚ್ಚಿದರೆ ಉಳಿಯುತ್ತದೆಯೇ? ಬೀಗವಿಲ್ಲದೆ ಮಾರುವವರಿಂದ ಕೊಳ್ಳಿರಿ. 'ಸೂಪರ್‌ಟಕ್ಸ್‌ಕಾರ್ಟ್'ನಂಥ ಮುಕ್ತ ತಂತ್ರಾಂಶದ ಆಟಗಳನ್ನು ರೂಪಿಸಿದವರೇ ಹಂಚಿಕೊಳ್ಳಲು ಅನುಮತಿಸಿದ್ದಾರೆ. ಅವುಗಳನ್ನು ಪೆನ್‌ಡ್ರೈವಿನಲ್ಲಿ ಇಡೀ ಓಣಿಗೆ ಹಂಚಿದರೂ ಅದು ಹಲಾಲ್. ಅಂಗಡಿಯ ಸಹೋದರರೇ, ನಕಲಿಯ ಬದಲು ಅವನ್ನೇ ತುಂಬಿಕೊಟ್ಟು ನಿಮ್ಮ ಶ್ರಮದ ಕೂಲಿ ಪಡೆಯಿರಿ, ಬರ್ಕತ್ತು ಅದರಲ್ಲಿದೆ. ಮೋಸಹೋದವರು ಕೈಕಟ್ಟಿ ಕೂರಬೇಡಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಡಬ್ಬಿಯ ಮೇಲೆ ಹೇಳದೆ ಮುಚ್ಚಿಟ್ಟ ಷರತ್ತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದು. ಮತ್ತು ಉಲಮಾ ಮಹನೀಯರಲ್ಲಿ ನಮ್ಮ ವಿನಂತಿ: ಜುಮಾ ಖುತ್ಬಾದಲ್ಲಿ ಹಾಲಿಗೆ ನೀರು ಬೆರೆಸುವವನ ಮಾತು ಬಂದಾಗ ಈ ಹೊಸ ಪೇಟೆಯ ಮಾತೂ ಬರಲಿ. ಹಣ ಕೊಟ್ಟು ಕೊಂಡವನು ತನ್ನದೇ ಪ್ರತಿಯ ಬೀಗವನ್ನು ತನ್ನ ಬಳಕೆಗಷ್ಟೇ ತೆರೆದುಕೊಳ್ಳಬಹುದೇ ಎಂಬುದಕ್ಕೆ ಸ್ಪಷ್ಟ ಉತ್ತರ ಕೊಡಿರಿ. ನಮ್ಮ ಮಕ್ಕಳು ಅದನ್ನು ಕೇಳುತ್ತಿದ್ದಾರೆ. ನೀವು ಉತ್ತರಿಸದಿದ್ದರೆ ಅಂಗಡಿಯವನು ಉತ್ತರಿಸುತ್ತಾನೆ.

ಕೊನೆಯದಾಗಿ ಆ ಹುಡುಗನಿಗೆ ನಮ್ಮ ಮಾತು. ಮಗನೇ, ನೀನು ಮಾಡಿದ್ದು ದಡ್ಡತನವಲ್ಲ. ನಿನಗೆ ಮೋಸವಾಗಿದೆ, ಮೋಸಹೋದವನು ಅಲ್ಲಾಹನ ಮುಂದೆ ತಲೆತಗ್ಗಿಸಬೇಕಾಗಿಲ್ಲ, ತಗ್ಗಿಸಬೇಕಾದವನು ಮೋಸ ಮಾಡಿದವನು. ನಿನ್ನ ಗೆಳೆಯ ಇಂದು ಆಡುತ್ತಿರಬಹುದು. ಆದರೆ ಮಾರಿದವನ ಮುಂದೆ ನಿಂತು "ನನ್ನ ಹಕ್ಕು ಕೊಡು" ಎಂದು ಕೇಳುವ ಬಾಯಿ ಅವನಿಗಿಲ್ಲ. ರಸೀದಿ ನಿನ್ನ ಕೈಯಲ್ಲಿದೆ, ಆ ಬಾಯಿ ನಿನಗಿದೆ. ಅಬ್ಬಾನನ್ನು ಕರೆದುಕೊಂಡು ಮತ್ತೊಮ್ಮೆ ಹುಬ್ಬಳ್ಳಿಗೆ ಹೋಗು, ಕೇಳು. ಬೇಕಾದರೆ ನಾವೂ ಜೊತೆಗೆ ಬರುತ್ತೇವೆ.

ಕೊಳ್ಳುವಾಗಲೂ ಮಾರುವಾಗಲೂ ತಕ್ಕಡಿಯನ್ನು ನೇರವಾಗಿ ಹಿಡಿಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.